ಎರಡು ನಿಮಿಷ

ಕೆಂಪು ದೀಪ ಮಿಟುಕಿತು.
ಬ್ಯಾಟರಿ ಕಿತ್ತು, ಬಾಯಿಂದ ಊದಿ,
ಅಂಗಿಯ ಚುಂಗಿಗೆ ಉಜ್ಜಿ ಮತ್ತೆ ಕೂರಿಸಿದೆ.
ಮತ್ತೆ ಕೆಂಪು.

ಕಕ್ಕಡದಲ್ಲಿ ಪೆಟ್ಟಿಗೆಗೆ ಹಾಕಿದ್ದು,
ಹೊರಗೆ ತೆಗೆದದ್ದು ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ.
ಅಷ್ಟು ದಿನ ಒಂದು ಸ್ಕ್ರೂ ತಿರುಗಿಸದೆ
ಸುಮ್ಮನೆ ಕೂತೇ ಖಾಲಿಯಾಗಿತ್ತು.

ನಾಳೆ ತೋಟದಂಚಿನ ಲೈನ್ ಮನೆಗೆ ಬಾಗಿಲು ಕೂರಿಸಬೇಕು.
ಹಳೆಯದನ್ನು ಆನೆ, ಒಳಗಿದ್ದ ಉಪ್ಪಿನ ಚೀಲಕ್ಕಾಗಿ,
ಒಂದೇ ನೂಕಿಗೆ ಮಲಗಿಸಿತ್ತು.
ಮೂರು ರಾತ್ರಿಯಿಂದ ಆ ಮನೆಯವರು
ಬಾಗಿಲಿದ್ದಲ್ಲಿ ಅಕ್ಕಿ ಡ್ರಮ್ಮು ಅಡ್ಡ ಇಟ್ಟು
ಕಣ್ಣು ಮುಚ್ಚಿಕೊಂಡು ಎಚ್ಚರವಾಗಿದ್ದಾರೆ.
ಅಲ್ಲಿ ಕರೆಂಟಿಲ್ಲ. ಮೂರು ಹಿಂಜು, ಇಪ್ಪತ್ನಾಲ್ಕು ಸ್ಕ್ರೂ,
ಕೈಯಲ್ಲಿ ತಿರುಗಿಸಿದರೆ ಸ್ಕ್ರೂವಿನ ತಲೆಯೇ ಸವೆಯುವ
ಮತ್ತಿಮರದ ಚೌಕಟ್ಟು.

ಸಿದ್ದಾಪುರ ಪೇಟೆಯಲ್ಲಿ ಮೊಬೈಲ್ ರಿಪೇರಿಯ ನೌಫಲ್
ಮೀಟರಿನ ಎರಡು ಮುಳ್ಳು ಚುಚ್ಚಿ ನೋಡಿದ.
"ಸತ್ತಿಲ್ಲ ಅಣ್ಣಾ, ಆರೂವರೆ ವೋಲ್ಟಿದೆ.
ಹದಿನೆಂಟು ಇರಬೇಕಾದ್ದು ಇಷ್ಟು ಕೆಳಗೆ ಇಳಿದರೆ
ಚಾರ್ಜರು ಇದನ್ನು ಬ್ಯಾಟರಿ ಅಂತಲೇ ಒಪ್ಪಲ್ಲ."

ಸೊಸೈಟಿ ಬ್ಯಾಂಕಿನ ಕಿಟಕಿ ನೆನಪಾಯಿತು.
ಅಲ್ಲಿಯೂ ಹಾಗೆಯೇ: ಸ್ವಲ್ಪವಾದರೂ ಇದ್ದವರಿಗೇ
ಇನ್ನಷ್ಟು ಕೊಡುವುದು.

"ಇದೇ ಕಂಪನಿಯ, ತುಂಬಿದ ಬ್ಯಾಟರಿ ಇನ್ನೊಂದು ಬೇಕು.
ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು, ಎರಡೇ ನಿಮಿಷ.
ಆಮೇಲೆ ಬಿಟ್ಟುಬಿಡಿ, ಸುಡುತ್ತೆ.
ಯಾರ ಹತ್ತಿರ ಇದೆ?"

ಯಾರ ಹತ್ತಿರ ಇದೆ ಅಂತ ನನಗೆ ಗೊತ್ತು.

ಜೋಡಿ ಬ್ಯಾಟರಿ, ಒಂದೇ ಪೆಟ್ಟಿಗೆ,
ಮೈಸೂರಿನಿಂದ ಬಸ್ಸಿನಲ್ಲಿ ಸರದಿಯ ಮೇಲೆ
ತೊಡೆಯಲ್ಲಿಟ್ಟುಕೊಂಡು ತಂದೆವು, ವೇಲಾಯುಧನೂ ನಾನೂ.
ಆಮೇಲೆ ಕರಡಿಗೋಡಿನವರ ಹಲಸಿನ ಮಂಚ.
ದುಡ್ಡು ಕೊಟ್ಟೆವು ಅಂದರು ಅವರು,
ಸಿಕ್ಕಿಲ್ಲ ಅಂದ ಅವನು,
ಜೇಬು ನೋಡಿಕೋ ಅಂದೆ ನಾನು.
ಎಲ್ಲದರ ಮುಂದೆ ಅಂದೆ. ಅವನ ಮಗಳ ಮುಂದೆ ಅಂದೆ.
ಡ್ರಿಲ್ಲು, ಚಾರ್ಜರು ನನಗೆ. ಗ್ರೈಂಡರು ಅವನಿಗೆ.
ಬ್ಯಾಟರಿ ತಲಾ ಒಂದು.
ಹೊಳೆಯ ಈ ದಡ ನನಗೆ, ನೆಲ್ಯಹುದಿಕೇರಿಯ ದಡ ಅವನಿಗೆ.

ಸೇತುವೆಯ ಮೇಲೆ ಎರಡು ಸಲ ಸ್ಕೂಟರ್ ನಿಲ್ಲಿಸಿದೆ.
ಕೆಳಗೆ ಕಾವೇರಿ, ಬಂಡೆಯ ಬೆನ್ನು ಕಾಣುವಷ್ಟು ಇಳಿದಿತ್ತು.

ಮೈಯೆಲ್ಲ ಮರದ ಹೊಟ್ಟು, ಹೊರಗೆ ಬಂದ.
ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದದ್ದನ್ನು ನೋಡಿದ.
"ಎಷ್ಟು ತೋರಿಸ್ತು?"
"ಆರೂವರೆ."
"ಅಯ್ಯೋ," ಅಂದ, ಬ್ಯಾಟರಿಗೆ.

ಹಳೆ ಫ್ಯಾನಿನ ತಂತಿಯನ್ನು ಹಲ್ಲಿನಲ್ಲೇ ಸುಲಿದ,
ಎಷ್ಟು ಬೈದರೂ ಬಿಡದ ಅದೇ ಚಾಳಿ.
ಎರಡು ತಂತಿ, ನಾಲ್ಕು ತುದಿ. ಒಬ್ಬನಿಂದ ಆಗದ ಕೆಲಸ.
ಕೂತೆವು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ.
ಚಿಟ್ ಎಂದು ಒಂದು ಕಿಡಿ.
ಸೌದಾಮಿನಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಹೊತ್ತು ನೋಡುತ್ತಿದ್ದಳು.

ಪಕ್ಕದ ಕಣದಲ್ಲಿ ಯಾರೋ ಕಾಫಿ ಎಳೆಯುತ್ತಿದ್ದರು,
ಗರ್ರ್, ನಿಲ್ಲುವುದು, ಗರ್ರ್.
ಅವನ ಹೆಬ್ಬೆರಳ ಉಗುರು ಕಪ್ಪಾಗಿತ್ತು.
ಮೊಳೆ ಹಿಡಿಯಲು ಇನ್ನೊಬ್ಬನಿಲ್ಲದೆ
ಸುತ್ತಿಗೆ ಬಿದ್ದಿರಬೇಕು.
ಮಂಚದ ಮಾತು ನಾಲಿಗೆಯ ತುದಿಗೆ ಬಂತು.
ಕೈ ಅಲುಗಿದರೆ ತಂತಿ ಜಾರುತ್ತದೆ.
ನುಂಗಿದೆ. ಅವನೂ ಏನೋ ನುಂಗಿದ,
ಗಂಟಲ ಗುಬುಟು ಮೇಲೆ ಹೋಗಿ ಕೆಳಗಿಳಿಯಿತು.

"ಸಾಕು ಬಿಡಿ," ಅಂದಳು ಸೌದಾಮಿನಿ.

ಅವನ ಚಾರ್ಜರಿಗೇ ಕೂರಿಸಿದೆವು. ಕೆಂಪು ಬರಲಿಲ್ಲ.
ಹಸಿರು, ಆರಿ, ಹಸಿರು.
"ತುಂಬಲು ಒಂದು ಗಂಟೆಯಾದರೂ ಬೇಕು," ಅಂದ,
ಸ್ಟೂಲಿನ ಮೇಲಿನ ಉಳಿಗಳನ್ನು ಪಕ್ಕಕ್ಕೆ ಸರಿಸುತ್ತ.
"ಚೌಕಟ್ಟು ಯಾವ ಮರ?"
"ಮತ್ತಿ."
"ಮತ್ತಿಗೆ ಒಂದು ಬ್ಯಾಟರಿ ಸಾಲಲ್ಲ."

ಅಷ್ಟೇ ಅಂದ.
ಮೇಜಿನ ಮೇಲಿದ್ದ ಅವನದನ್ನು ಮುಟ್ಟಿ ನೋಡಿದೆ,
ಕೊಟ್ಟದ್ದಕ್ಕೆ
ಇನ್ನೂ ಬೆಚ್ಚಗಿತ್ತು.